ತಾರಸಿಯಿಂದ ಕಚೇರಿಗೆ: ಹಾರುವ ಕಾರಿನ ಕುರಿತು ಒಂದು ತಜ್ಞ ಅಭಿಪ್ರಾಯ

ಹಾರುವ ಕಾರು ದಿನನಿತ್ಯದ ಓಡಾಟಕ್ಕೆ ಒದಗುತ್ತದೆಯೇ ಎಂದು ನನ್ನನ್ನು ಹಲವರು ಕೇಳುತ್ತಾರೆ. ಕೇಳದವರಿಗೂ ನಾನು ಹೇಳುತ್ತಿರುತ್ತೇನೆ. ಈ ವಿಷಯದಲ್ಲಿ ನನ್ನ ಪಾಂಡಿತ್ಯ ಸಿದ್ಧಿಸಿದ್ದು ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ. ಸಂಜೆಯ ಹೊತ್ತು ಅಲ್ಲಿ ಕಿಟಕಿ ಇಳಿಸಿ ಕೂತು ಮೇಲೆ ನೋಡಿದವರಿಗೆ ಒಂದು ವೈಜ್ಞಾನಿಕ ಸತ್ಯ ತಾನಾಗಿ ಹೊಳೆಯುತ್ತದೆ: ಕೆಳಗೆ ಜಾಗವಿಲ್ಲ, ಮೇಲೆ ಬೇಕಾದಷ್ಟಿದೆ. ಉಳಿದದ್ದೆಲ್ಲ ಬರೀ ವಿವರ. ವಿವರ ನೋಡಿಕೊಳ್ಳಲು ಎಂಜಿನಿಯರುಗಳಿದ್ದಾರೆ. ಅವರೂ ಅದೇ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡಿರುವುದರಿಂದ ಸ್ವಲ್ಪ ತಡವಾಗಿದೆ.

ಸಮಸ್ಯೆಯ ಗಾತ್ರವನ್ನು ಮೊದಲು ಅಂಕಿಯಲ್ಲಿ ಹಿಡಿಯೋಣ. ನಗರಗಳ ಸಂಚಾರ ಅಳೆಯುವ ಟಾಮ್‌ಟಾಮ್ ಸೂಚ್ಯಂಕದ ಪ್ರಕಾರ 2022ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಿತ್ತು. ಆ ಪಟ್ಟಿಯಲ್ಲಿ ನಮ್ಮದು ಎರಡನೆಯ ಸ್ಥಾನ. ಲಂಡನ್ ಮಾತ್ರ ನಮಗಿಂತ ಮುಂದೆ, ಅಂದರೆ ನಮಗಿಂತ ಹಿಂದೆ. ಗಂಟೆಗೆ ಇಪ್ಪತ್ತು ಕಿ.ಮೀ. ಚಿಲ್ಲರೆ. ಆ ಚಿಲ್ಲರೆಯೂ ಭಾನುವಾರ ನಸುಕಿನಲ್ಲಿ ಹಾಲು ತರಲು ಹೋದವರು ಗಳಿಸಿಕೊಟ್ಟದ್ದು ಎಂದು ನನ್ನ ಊಹೆ.

ಹಾರುವ ಕಾರಿನ ಬಗ್ಗೆ ಇರುವ ಒಂದು ಅಪಪ್ರಚಾರವನ್ನು ಇಲ್ಲೇ ತೊಡೆದುಹಾಕಬೇಕು. ‘ಇನ್ನೆರಡು ವರ್ಷದಲ್ಲಿ ಬರುತ್ತದೆ’ ಎನ್ನುತ್ತಲೇ ಇರುತ್ತಾರೆ, ಬರುವುದೇ ಇಲ್ಲ ಎಂದು ಜನ ದೂರುತ್ತಾರೆ. ದೂರುವವರಿಗೆ ಶಿಸ್ತಿನ ಬೆಲೆ ಗೊತ್ತಿಲ್ಲ. 1917ರಲ್ಲಿ ಅಮೆರಿಕದ ಗ್ಲೆನ್ ಕರ್ಟಿಸ್ ‘ಆಟೊಪ್ಲೇನ್’ ಎಂಬ ರೆಕ್ಕೆಯ ಕಾರನ್ನು ಪ್ರದರ್ಶನಕ್ಕಿಟ್ಟ. ಅದು ಒಂದಿಷ್ಟು ಕುಪ್ಪಳಿಸಿತು, ಹಾರಲಿಲ್ಲ. 1940ರಲ್ಲಿ ಹೆನ್ರಿ ಫೋರ್ಡ್, ಕಾರೂ ವಿಮಾನವೂ ಒಂದಾದ ಯಂತ್ರ ಬಂದೇ ಬರುತ್ತದೆ, ನಗುವವರು ನಗಲಿ ಎಂಬರ್ಥದ ಮಾತಾಡಿದ. 2018ರಲ್ಲಿ ಊಬರ್ ತನ್ನ ಹಾರುವ ಟ್ಯಾಕ್ಸಿಗೆ ಪರಿಗಣಿಸಿದ್ದ ಊರುಗಳಲ್ಲಿ ನಮ್ಮ ಬೆಂಗಳೂರೂ ಇತ್ತು. 2020ರ ಕೊನೆಯಲ್ಲಿ ಆ ಇಡೀ ವಿಭಾಗವನ್ನು ಜೋಬಿ ಎಂಬ ಇನ್ನೊಂದು ಕಂಪನಿಗೆ ದಾಟಿಸಿ ಕೈತೊಳೆದುಕೊಂಡಿತು. ನೂರು ವರ್ಷ ಒಂದೇ ಮಾತಿಗೆ ನಿಂತ ವಾಹನ ಬೇರೆ ಯಾವುದಿದೆ? ನಮ್ಮ ಬಸ್ಸು ಒಮ್ಮೆ ಬೇಗ ಬರುತ್ತದೆ, ಒಮ್ಮೆ ಮೂರು ಒಟ್ಟಿಗೆ ಬರುತ್ತವೆ, ಒಮ್ಮೆ ಬರುವುದೇ ಇಲ್ಲ. ನೆಚ್ಚಿಕೊಳ್ಳುವ ಹಾಗಿಲ್ಲ. ಹಾರುವ ಕಾರು ಎರಡು ವರ್ಷಕ್ಕಿಂತ ಹತ್ತಿರ ಬಂದದ್ದೂ ಇಲ್ಲ, ಎರಡು ವರ್ಷಕ್ಕಿಂತ ದೂರ ಹೋದದ್ದೂ ಇಲ್ಲ.

ನಿಜವಾಗಿ ಹಾರಿದವೂ ಇವೆ. ಮೋಲ್ಟನ್ ಟೇಲರ್ ಎಂಬಾತ 1949ರಲ್ಲಿ ಹಾರಿಸಿದ ‘ಏರೋಕಾರ್’ ಇವುಗಳಲ್ಲಿ ಹೆಸರುವಾಸಿ. ಅದಕ್ಕೆ 1956ರಲ್ಲಿ ಸರ್ಕಾರದ ಪ್ರಮಾಣಪತ್ರವೂ ಸಿಕ್ಕಿತು. ನೆಲಕ್ಕಿಳಿದ ಮೇಲೆ ರೆಕ್ಕೆ, ಬಾಲ ಎರಡನ್ನೂ ಮಡಚಿ ಟ್ರೇಲರ್ ಮಾಡಿ ಕಾರಿನ ಹಿಂದೆ ಎಳೆದುಕೊಂಡು ಹೋಗಬಹುದಿತ್ತು. ಒಟ್ಟು ಆರು ತಯಾರಾದವು. ಈಗ ಅವನ್ನು ನೋಡಲು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಪಾರ್ಕಿಂಗ್ ಸಮಸ್ಯೆಗೆ ಇಷ್ಟು ಶಾಶ್ವತ ಪರಿಹಾರ ಕಂಡುಕೊಂಡ ವಾಹನ ಇನ್ನೊಂದಿಲ್ಲ.

ಏರೋಕಾರ್ ಹಾರುವುದಕ್ಕೂ ಎರಡು ವರ್ಷ ಹಿಂದೆ ಕ್ಯಾಲಿಫೋರ್ನಿಯಾದಲ್ಲಿ ‘ಕಾನ್ವೇರ್‌ಕಾರ್’ ಹಾರಿತ್ತು. ಕಾರಿನ ನೆತ್ತಿಯ ಮೇಲೆ ಇಡೀ ವಿಮಾನವನ್ನು ಕೂರಿಸಿದ ಯಂತ್ರ ಅದು. ಕಾರಿಗೊಂದು ಎಂಜಿನ್, ವಿಮಾನಕ್ಕೊಂದು. ಕಾರಿಗೊಂದು ಪೆಟ್ರೋಲ್ ಮುಳ್ಳು, ವಿಮಾನಕ್ಕೊಂದು. 1947ರ ನವೆಂಬರಿನಲ್ಲಿ ಅದು ಇಂಧನ ಮುಗಿದು ಸ್ಯಾನ್ ಡಿಯೇಗೋ ಬಳಿ ಮಣ್ಣುದಾರಿಯ ಮೇಲೆ ಬಿತ್ತು. ಪೈಲಟ್ ಹೊರಡುವ ಮುಂಚೆ ನೋಡಿಕೊಂಡದ್ದು ಕಾರಿನ ಮುಳ್ಳನ್ನು ಎನ್ನುತ್ತಾರೆ. ಪುಣ್ಯಕ್ಕೆ ಬದುಕಿಕೊಂಡ. ನಮ್ಮಲ್ಲಿ ಇಂಥದ್ದು ನಡೆಯುವ ಸಂಭವವಿಲ್ಲ, ಏಕೆಂದರೆ ನಾವು ಮುಳ್ಳು ನೋಡುವ ಜನರೇ ಅಲ್ಲ. ಸ್ಕೂಟರ್ ನಿಂತರೆ ಪಕ್ಕಕ್ಕೆ ವಾಲಿಸಿ, ಟ್ಯಾಂಕಿನ ಮೂಲೆಯಲ್ಲಿ ಅಡಗಿದ್ದ ಕೊನೆಯ ತೊಟ್ಟನ್ನು ಎಂಜಿನ್ನಿಗೆ ಹರಿಸಿ ಬಂಕ್ ತಲುಪುವ ತಂತ್ರಜ್ಞಾನ ನಮ್ಮ ಮನೆಮನೆಯಲ್ಲಿದೆ. ವಿಮಾನ ವಾಲಿಸುವುದು ಇನ್ನೂ ಸುಲಭ. ಇಂಧನ ಮುಗಿದಾಗ ಅದು ತಾನಾಗಿಯೇ ವಾಲುತ್ತದೆ.

ಪರದೇಶದ ಪುರಾಣ ಎಷ್ಟು ಹೇಳಿದರೂ ನಮ್ಮವರಿಗೆ ಸಮಾಧಾನವಾಗುವುದಿಲ್ಲ, ಇದೆಲ್ಲ ನಮ್ಮಲ್ಲೇ ಇತ್ತಲ್ಲ ಎಂದು ಕೇಳಿಯೇ ಕೇಳುತ್ತಾರೆ. ಇತ್ತು. ಅದೂ ಆನೇಕಲ್ಲಿನಲ್ಲಿ. ಅಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ದಲ್ಲಿ ತ್ರಿಪುರ ವಿಮಾನ ಎಂಬುದಿದೆ. ನೆಲ, ನೀರು, ಆಕಾಶ ಮೂರರಲ್ಲೂ ಸಂಚರಿಸುವಂಥದ್ದು. ಮಳೆಗಾಲದ ಬೆಂಗಳೂರಿಗೆ ಬೇಕಾದದ್ದು ಕರಾರುವಾಕ್ಕಾಗಿ ಇದೇ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿಜ್ಞಾನಿಗಳು ಆ ಗ್ರಂಥವನ್ನೂ ಅದರ ಚಿತ್ರಗಳನ್ನೂ ಕೂಲಂಕಷವಾಗಿ ಪರಿಶೀಲಿಸಿ, ಇದರಲ್ಲಿ ವರ್ಣಿಸಿದ ಯಾವ ವಿಮಾನವೂ ಹಾರಲಾರದು, ಗ್ರಂಥವೂ ಪ್ರಾಚೀನದ್ದಲ್ಲ ಎಂದು ತೀರ್ಮಾನಿಸಿದರು. ಹಾರುವುದಿಲ್ಲ ಎಂಬುದು ಶುದ್ಧ ತಾಂತ್ರಿಕ ಆಕ್ಷೇಪ. ನೀತಿ ನಿರೂಪಣೆಯ ಮಟ್ಟದಲ್ಲಿ ಇಂಥವನ್ನು ದಾಖಲಿಸಿಕೊಂಡು ಮುಂದೆ ಸಾಗುವುದು ವಾಡಿಕೆ.

ಈಗ ಕಾರಿನ ಒಳಗುಟ್ಟಿಗೆ ಬರೋಣ. ಕಾರು ಭಾರವಾಗಿರಬೇಕು: ಡಿಕ್ಕಿಯಾದರೆ ತಡೆಯಬೇಕು, ಗುಂಡಿಗೆ ಇಳಿದರೆ ಏಳಬೇಕು. ವಿಮಾನ ಹಗುರಾಗಿರಬೇಕು. ನಾಲ್ಕು ಸೀಟಿನ ಸೆಸ್ನಾ 172 ವಿಮಾನದ ಖಾಲಿ ತೂಕ ಒಂದು ಮಾರುತಿ ಸ್ವಿಫ್ಟಿಗಿಂತ ಕಡಿಮೆ. ಎರಡೂ ಗುಣ ಒಂದರಲ್ಲೇ ಬೇಕೆಂದು ಹೊರಟರೆ ಸಿಗುವುದು ಸೋಫಾ ಕಮ್ ಬೆಡ್: ಕೂತರೆ ಬೆನ್ನು ನೋವು, ಮಲಗಿದರೆ ಸೊಂಟ ನೋವು, ಅತಿಥಿಗಳು ಬಂದಾಗ ಮಾತ್ರ ಹೆಮ್ಮೆ. ಆದರೂ ಸೋಫಾ ಕಮ್ ಬೆಡ್ ಮಾರಾಟವಾಗುತ್ತಲೇ ಇದೆ ಎಂಬುದನ್ನು ಹೂಡಿಕೆದಾರರು ಗಮನಿಸಬೇಕು.

ಇನ್ನೊಂದು ಸೂಕ್ಷ್ಮ. ವಿಮಾನಕ್ಕೆ ಎಲ್ಲಾದರೂ ಪೆಟ್ಟು ಬಿದ್ದರೆ ಪರವಾನಗಿ ಪಡೆದ ಎಂಜಿನಿಯರ್ ಬಂದು ನೋಡಿ ಸಹಿ ಹಾಕುವವರೆಗೆ ಅದು ಹಾರುವ ಹಾಗಿಲ್ಲ. ಬೆಂಗಳೂರಿನ ಕಾರಿಗೆ ಬಲಗಡೆ ಆಟೊ ಗೀಚಿದ ಗೆರೆ, ಎಡಗಡೆ ಬೈಕಿನ ಹ್ಯಾಂಡಲ್ ತಾಗಿದ ತಗ್ಗು, ಹಿಂದೆ ಯಾರು ಗುದ್ದಿದರೋ ಗೊತ್ತಿಲ್ಲದ ಡೆಂಟು ಇದ್ದೇ ಇರುತ್ತವೆ. ‘ಹೋಗ್ಲಿ ಬಿಡಿ ಸಾರ್, ಏನೂ ಆಗಿಲ್ಲ’ ಎಂದು ಆಟೊದವರು ಸ್ಥಳದಲ್ಲೇ ಕೊಡುವ ಮೌಖಿಕ ಪ್ರಮಾಣಪತ್ರವನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಮಾನ್ಯ ಮಾಡಬೇಕು. ಇಲ್ಲವಾದರೆ ಶೋರೂಮಿನಿಂದ ಹೊರಬಂದ ಮೊದಲ ತಿರುವಿನಲ್ಲೇ ಕಾರಿನ ವೈಮಾನಿಕ ಜೀವನ ಮುಗಿಯುತ್ತದೆ.

ಸ್ಲೊವಾಕಿಯಾದ ಸ್ಟೆಫಾನ್ ಕ್ಲೈನ್ ಕಾರನ್ನೂ ವಿಮಾನವನ್ನೂ ಒಂದಾಗಿಸುವ ಕಷ್ಟವನ್ನು ಸಾಕಷ್ಟು ಗೆದ್ದವನು. 2021ರ ಜೂನಿನಲ್ಲಿ ಅವನ ‘ಏರ್‌ಕಾರ್’ ನಿತ್ರಾದಿಂದ ಬ್ರಾಟಿಸ್ಲಾವಾಕ್ಕೆ 35 ನಿಮಿಷದಲ್ಲಿ ಹಾರಿ, ಇಳಿದು, ರೆಕ್ಕೆ ಮಡಚಿಕೊಂಡು ಪೇಟೆಯೊಳಕ್ಕೆ ಓಡಿತು. ಎಂಜಿನ್ ಬಿಎಂಡಬ್ಲ್ಯುನದು, ಕುಡಿಯುವುದು ಸಾಮಾನ್ಯ ಬಂಕಿನ ಪೆಟ್ರೋಲು. ರೆಕ್ಕೆ ಬಿಚ್ಚಲು ಮೂರು ನಿಮಿಷವೂ ಬೇಡ. ನಮ್ಮ ಸಿಗ್ನಲ್ಲುಗಳಲ್ಲಿ ಮೂರು ನಿಮಿಷವೆಂದರೆ ಧಾರಾಳವಾಯಿತು. ಬಿಚ್ಚಿ, ಮಡಚಿ, ಮತ್ತೆ ಬಿಚ್ಚಬಹುದು. ಬಿಚ್ಚಿದ ಮೇಲೆ ಏಳಲು ಸುಮಾರು 300 ಮೀಟರ್ ಖಾಲಿ ಓಟದ ಹಾದಿ ಬೇಕು. ಹೊರವರ್ತುಲ ರಸ್ತೆಯಲ್ಲಿ ಯಾವಾಗಲಾದರೂ 300 ಮೀಟರ್ ಖಾಲಿ ಸಿಕ್ಕಿದರೆ ಹಾರುವ ಅಗತ್ಯವೇ ಬೀಳುವುದಿಲ್ಲ, ಹಾಗೇ ಓಡಿಸಿಕೊಂಡು ಮನೆಗೆ ಹೋಗಬಹುದು. ಈ ಒಂದು ತಾರ್ಕಿಕ ತೊಡಕು ಬಿಟ್ಟರೆ ಏರ್‌ಕಾರ್ ನಿರ್ದುಷ್ಟ ವಾಹನ.

ಓಡದೆ ನಿಂತಲ್ಲಿಂದಲೇ ಏಳುವ ಜಾತಿ ಇನ್ನೊಂದಿದೆ. ಕ್ಯಾಲಿಫೋರ್ನಿಯಾದ ಪಾಲ್ ಮೋಲರ್ ದಶಕಗಟ್ಟಲೆ ಕಟ್ಟಿದ ‘ಸ್ಕೈಕಾರ್’ ಇಂಥದ್ದು. ಪರೀಕ್ಷೆಗೆ ಏರಿಸಿದಾಗ ಕ್ರೇನಿಗೆ ಹಗ್ಗದಿಂದ ಕಟ್ಟಿದ್ದರು. ಹಗ್ಗವನ್ನು ನೋಡಿ ಕೆಲವರು ನಕ್ಕರು; ನಾನು ನಗುವುದಿಲ್ಲ. ಎತ್ತಿಗೆ ಮೂಗುದಾರ ಹಾಕಿದ ನಾಡು ನಮ್ಮದು. ಈಚಿನದು ಅಲೆಫ್ ಕಂಪನಿಯ ಕಾರು: ಬೆಲೆ ಸುಮಾರು 3 ಲಕ್ಷ ಡಾಲರ್, 2023ರಲ್ಲಿ ಅಮೆರಿಕದ ವಿಮಾನಯಾನ ಆಡಳಿತದಿಂದ ಸೀಮಿತ ಹಾರಾಟಕ್ಕೆ ವಿಶೇಷ ಪ್ರಮಾಣಪತ್ರ. ರಸ್ತೆಯ ಮೇಲೆ ಇದರ ವೇಗ ಗಂಟೆಗೆ ಸುಮಾರು 40 ಕಿ.ಮೀ. ಮೀರುವುದಿಲ್ಲವಂತೆ. ಇದು ದೋಷ ಎಂದು ವಿದೇಶಿ ಪತ್ರಿಕೆಗಳು ಬರೆದವು. ನಮ್ಮ ಸರಾಸರಿಯ ದುಪ್ಪಟ್ಟು ವೇಗವನ್ನು ದೋಷ ಎನ್ನುವ ಜನರ ಜೊತೆ ವಾದವೇನು?

ನಿಂತಲ್ಲಿಂದ ಏಳುವ ವಾಹನದ ಲೆಕ್ಕ ಸರಳ. ಒಂದು ಟನ್ ತೂಕದ ಕಾರು, ಅದನ್ನು ಎತ್ತುವ ಪಂಖಗಳ ಒಟ್ಟು ಹರವು ಹತ್ತು ಚದರ ಮೀಟರ್ ಎಂದುಕೊಳ್ಳಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಇಲ್ಲಿನ ಗಾಳಿ ತುಸು ತೆಳು, ಕೆಲಸ ತುಸು ಹೆಚ್ಚು. ಸುಮ್ಮನೆ ಗಾಳಿಯಲ್ಲಿ ನಿಲ್ಲಲಿಕ್ಕೇ ಹತ್ತಿರ ಹತ್ತಿರ 300 ಕಿಲೋವ್ಯಾಟ್, ಅಂದರೆ 400 ಅಶ್ವಶಕ್ತಿ ಬೇಕು. ಹಳೆಯ ಮಾರುತಿ 800ರದು 37. ಹನ್ನೊಂದು ಮಾರುತಿಗಳು ಒಟ್ಟಾಗಿ ದುಡಿದು ಒಂದು ಕಾರನ್ನು ಎಲ್ಲಿಗೂ ಹೋಗದಂತೆ ಹಿಡಿದು ನಿಲ್ಲಿಸಬೇಕು. ರಸ್ತೆಯ ಮೇಲೆ ಇದೇ ಕೆಲಸವನ್ನು ಟ್ರಾಫಿಕ್ ಪುಕ್ಕಟೆಯಾಗಿ ಮಾಡುತ್ತಿದೆ ಎಂಬುದು ಬೇರೆ ಮಾತು.

ಎತ್ತುವ ಪಂಖ ಗಾಳಿಯನ್ನು ಕೆಳಕ್ಕೆ ತಳ್ಳಲೇಬೇಕಲ್ಲ, ಅದೇ ಲೆಕ್ಕದಲ್ಲಿ ಆ ಗಾಳಿಯ ವೇಗ ಗಂಟೆಗೆ 150 ಕಿ.ಮೀ. ಹತ್ತಿರ ಬರುತ್ತದೆ. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ 118 ದಾಟಿದರೆ ‘ಅತಿ ತೀವ್ರ ಚಂಡಮಾರುತ’. ಪಕ್ಕದ ಮನೆಯಾತ ಬೆಳಿಗ್ಗೆ ಎಂಟೂಕಾಲಿಗೆ ಆಫೀಸಿಗೆ ಹೊರಟರೆ ಬೀದಿಯಲ್ಲಿ ದಿನಕ್ಕೊಂದು, ಸಂಜೆ ಮರಳಿದರೆ ಎರಡು ಚಂಡಮಾರುತ. ಚಂಡಮಾರುತಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಪದ್ಧತಿ ಈಗಾಗಲೇ ಇರುವುದರಿಂದ ಕಾರಿನ ನೋಂದಣಿ ಸಂಖ್ಯೆಯನ್ನೇ ಹೆಸರಾಗಿ ಬಳಸಬಹುದು.

ಈ ಗಾಳಿಯ ಪರಿಣಾಮವನ್ನು ಅಧ್ಯಯನ ಮಾಡಲು ನಾನು ನಮ್ಮ ಬಡಾವಣೆಯ ತಾರಸಿಗಳನ್ನು ಸಮೀಕ್ಷೆ ಮಾಡಿದೆ. ಪ್ರತಿ ತಾರಸಿಯ ಮೇಲೂ ಒಂದು ನೀರಿನ ಟ್ಯಾಂಕು, ಒಂದು ಸೋಲಾರ್ ಹೀಟರು, ಎರಡು ಒಣಗಿದ ಕುಂಡ, ಒಗೆದ ಬಟ್ಟೆಯ ನಾಲ್ಕು ಸಾಲು, ಯಾರಿಗೂ ಸೇರದ ಕೇಬಲ್ ಸುರುಳಿ ಇದ್ದವು. ಒಂದರ ಮೇಲೆ ಹಳೆಯ ಪಂಚೆ ಹಾಸಿ ಅಜ್ಜಿಯೊಬ್ಬರು ಅರಳು ಸಂಡಿಗೆ ಇಟ್ಟುಕೊಂಡು ಕಾಯುತ್ತಿದ್ದರು. ಹಾರುವ ಕಾರಿನ ಯೋಜನೆಯನ್ನು ಅವರಿಗೆ ಸವಿಸ್ತಾರವಾಗಿ ವಿವರಿಸಿದೆ.

‘ಕಾಗೆ ಓಡ್ಸಕ್ಕೇ ನನ್ನ ಕೈಲಿ ಆಗ್ತಿಲ್ಲ, ಇನ್ನು ಕಾರು ಬೇರೆ ಬರತ್ತೇನಪ್ಪಾ?’ ಎಂದರು.

ಸಾರ್ವಜನಿಕ ಸಮಾಲೋಚನೆ ಮುಗಿದಿದೆ ಎಂದು ದಾಖಲಿಸಿಕೊಂಡೆ.

ತಾರಸಿಯೇ ಏಕೆ ಎಂದು ಕೆಲವರು ಕೇಳಬಹುದು. ಬೀದಿಯಲ್ಲಿ ಇಳಿಯುವಂತಿಲ್ಲ, ಅಲ್ಲಿ ಕಾರು ನಿಲ್ಲಿಸಿರುತ್ತಾರೆ. ಆದ್ದರಿಂದ ತಾರಸಿ. ಜನ ಓಡಾಡುವ ತಾರಸಿಯನ್ನು ಚದರ ಮೀಟರಿಗೆ 150 ಕೆ.ಜಿ. ಭಾರ ಹೊರುವಂತೆ ಕಟ್ಟಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಒಂದು ಟನ್ನಿನ ಕಾರು ನಾಲ್ಕು ಅಂಗೈಯಗಲದ ಚಕ್ರಗಳ ಮೇಲೆ ಧೊಪ್ಪನೆ ಇಳಿದಾಗ ಆಗುವುದನ್ನು ಈ ಮಾನಕ ಊಹಿಸಿಲ್ಲ. ಎರಡು ಮಹಡಿಗೆ ನಕ್ಷೆ ಮಂಜೂರು ಮಾಡಿಸಿ ನಾಲ್ಕು ಕಟ್ಟಿದ ಮನೆಗಳಲ್ಲಿ ಕಾರು ನೇರವಾಗಿ ಊಟದ ಮನೆಯವರೆಗೆ ಬರುವ ಅನುಕೂಲವಿದೆ. ಬಾಡಿಗೆದಾರರ ಪಾಡು ಬೇರೆ. ಕರಾರುಪತ್ರದಲ್ಲಿ ‘ತಾರಸಿ ಬಳಸುವಂತಿಲ್ಲ, ರಾತ್ರಿ ಹತ್ತರ ಮೇಲೆ ಗೇಟು ತೆಗೆಯುವುದಿಲ್ಲ’ ಎಂದು ಮೊದಲೇ ಬರೆದಿರುತ್ತದೆ. ಅವರು ಹತ್ತರ ನಂತರ ಬಂದರೆ ಬೆಳಗಿನವರೆಗೆ ಮೇಲೆಯೇ ಸುತ್ತುತ್ತಿರಬೇಕು.

ಇಲ್ಲಿಗೆ ಪ್ರಾಯೋಗಿಕತೆಯ ತಿರುಳಿಗೆ ಬಂದೆವು. ಆಕಾಶ ವಿಶಾಲ, ನಿಜ. ಆದರೆ ಯಾರ ಆಫೀಸೂ ಆಕಾಶದಲ್ಲಿಲ್ಲ. ಹತ್ತು ಸಾವಿರ ಜನ ಕೆಲಸ ಮಾಡುವ ಒಂದು ಟೆಕ್ ಪಾರ್ಕು ಉದಾರ ಮನಸ್ಸಿನಿಂದ ಹತ್ತು ಇಳಿದಾಣ ಕಟ್ಟಿಸಿತು ಎನ್ನೋಣ. ಒಂದು ಕಾರು ಇಳಿದು, ಪಂಖ ನಿಂತು, ಒಳಗಿನವರು ಲ್ಯಾಪ್‌ಟಾಪ್ ಬ್ಯಾಗು ಹುಡುಕಿಕೊಂಡು ಹೊರಬಂದು, ಕಾರು ಪಕ್ಕಕ್ಕೆ ಸರಿಯಲು ಮೂರೇ ನಿಮಿಷ ಸಾಕು ಎನ್ನೋಣ. ಗಂಟೆಗೆ ಇನ್ನೂರು ಕಾರು. ಕಾರಿಗೊಬ್ಬರಂತೆ, ನಮ್ಮ ಕಾರುಗಳಲ್ಲಿ ಬಹುತೇಕ ಹಾಗೇ ಇರುವುದು, ಎಲ್ಲರೂ ಇಳಿಯಲು ಐವತ್ತು ಗಂಟೆ. ಸೋಮವಾರ ಬೆಳಿಗ್ಗೆ ಆರಕ್ಕೆ ಶುರುಮಾಡಿದರೆ ಕೊನೆಯವರು ಬುಧವಾರ ಬೆಳಿಗ್ಗೆ ಎಂಟಕ್ಕೆ ಹಾಜರಿ ಹಾಕುತ್ತಾರೆ. ಮೊದಲು ಇಳಿದವರು ಅಷ್ಟರಲ್ಲಿ ಮನೆಗೆ ಹೋಗಬೇಕೆಂದು ಅದೇ ಇಳಿದಾಣದಲ್ಲಿ ಸರದಿ ನಿಂತಿರುತ್ತಾರೆ. ಆರು ಬೋಗಿಯ ಒಂದು ಮೆಟ್ರೊ ರೈಲು ಒಂದೂವರೆ ಸಾವಿರಕ್ಕೂ ಹೆಚ್ಚು ಜನರನ್ನು ಒಮ್ಮೆಗೇ ತಂದು ಸುರಿಯುತ್ತದಲ್ಲ ಎಂದು ಯಾರೋ ಆಕ್ಷೇಪಿಸಿದರು. ಹಾಗೆ ಸುರಿಯುವುದರಲ್ಲಿ ಒಂದು ಘನತೆ ಇರುವುದಿಲ್ಲ.

ಸರದಿಯಲ್ಲಿ ಕಾಯುವುದು ನಮಗೆ ಹೊಸತಲ್ಲ. ವ್ಯತ್ಯಾಸ ಒಂದೇ. ‘ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡಿ, ಇಂಧನ ಉಳಿಸಿ’ ಎಂಬ ಫಲಕವನ್ನು ಆಕಾಶದ ಸಿಗ್ನಲ್ಲಿನಲ್ಲಿ ಹಾಕಕೂಡದು. ಇಂದಿನ ಒಳ್ಳೆಯ ವಿದ್ಯುತ್ ಕಾರಿನಲ್ಲಿರುವ 60 ಯೂನಿಟ್ಟಿನ ಬ್ಯಾಟರಿ, ಮೇಲೆ ಹೇಳಿದ 300 ಕಿಲೋವ್ಯಾಟಿನ ಲೆಕ್ಕದಲ್ಲಿ, ಗಾಳಿಯಲ್ಲಿ ನಿಲ್ಲಿಸುವುದು ಸರಿಯಾಗಿ 12 ನಿಮಿಷ. ಹದಿಮೂರನೆಯ ನಿಮಿಷಕ್ಕೆ ಸರದಿ ತಪ್ಪಿಸಿ ಎಲ್ಲರಿಗಿಂತ ಮೊದಲು ಇಳಿಯುವ ಹಕ್ಕು ಚಾಲಕನಿಗೆ ತಾನಾಗಿ ಪ್ರಾಪ್ತವಾಗುತ್ತದೆ. ರೆಕ್ಕೆಯಿದ್ದು ಮುಂದಕ್ಕೆ ಹಾರುತ್ತಿದ್ದರೆ ಇದರ ಒಂದು ಪಾಲು ಶಕ್ತಿ ಸಾಕು, ಸಮಸ್ಯೆ ನಿಲ್ಲುವುದರಲ್ಲಿದೆ. ನಮ್ಮೂರಿನಲ್ಲಿ ಪ್ರಯಾಣವೆಂದರೆ ಬಹುಪಾಲು ನಿಲ್ಲುವುದೇ ಆದ್ದರಿಂದ ವಿನ್ಯಾಸಕಾರರು ಇದನ್ನು ಗಮನಿಸಬೇಕು.

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಸಾವಿರಕ್ಕೊಂದು ಹಾರಿದರೂ ಹತ್ತು ಸಾವಿರ. ಅಮೆರಿಕದ ಇಡೀ ಆಕಾಶದಲ್ಲಿ ಅತಿ ಬಿಡುವಿಲ್ಲದ ಹೊತ್ತಿನಲ್ಲೂ ಇರುವುದು ಐದು ಸಾವಿರ ವಿಮಾನದ ಆಸುಪಾಸು. ಅದರ ಎರಡರಷ್ಟನ್ನು ಹೆಬ್ಬಾಳಕ್ಕೂ ಸಿಲ್ಕ್ ಬೋರ್ಡಿಗೂ ನಡುವೆ, ದೇವನಹಳ್ಳಿಯಲ್ಲಿ ಇಳಿಯುವ ವಿಮಾನ, ಎಚ್‌ಎಎಲ್‌ನ ಪರೀಕ್ಷಾ ಹಾರಾಟ, ಯಲಹಂಕದ ವಾಯುಪಡೆ, ಜಕ್ಕೂರಿನ ತರಬೇತಿ ವಿಮಾನ ಎಲ್ಲವನ್ನೂ ತಪ್ಪಿಸಿ ಹಾರಿಸಬೇಕು. ಒನ್‌ವೇ ಉಲ್ಲಂಘನೆಗೆ ದಂಡ ಹಾಕಬಹುದು. ದಂಡ ಕಟ್ಟಲು ಸರ್ಕಾರ ಅರ್ಧ ರಿಯಾಯಿತಿ ಘೋಷಿಸುವವರೆಗೆ ಕಾಯುವುದು ಜನರಿಗೆ ರೂಢಿಯಾಗಿದೆ. ಫುಟ್‌ಪಾತ್ ಇಲ್ಲದಿರುವುದರಿಂದ ಹಾರುವ ದ್ವಿಚಕ್ರ ವಾಹನಗಳು ಎಲ್ಲಿ ಓಡಬೇಕು ಎಂಬ ಪ್ರಶ್ನೆಗೆ ಮಾತ್ರ ನನ್ನಲ್ಲಿ ಸದ್ಯ ಉತ್ತರವಿಲ್ಲ.

ಇವನ್ನೆಲ್ಲ ತೂಗಿ ನೋಡಿ ನಾನು ತಲುಪಿದ ಖಚಿತ ಅಭಿಪ್ರಾಯ: ಊರಿಗೆ ಒಂದೇ ಇದ್ದರೆ ಹಾರುವ ಕಾರು ಅತ್ಯಂತ ಪ್ರಾಯೋಗಿಕ ವಾಹನ. ಆ ಒಂದು ನನ್ನದಾಗಿರಬೇಕು. ಈ ಉದ್ಯಮದಲ್ಲಿ ಹಣ ಹೂಡಿದ ಎಲ್ಲರ ಅಭಿಪ್ರಾಯವೂ ಇದೇ ಎಂಬುದನ್ನು ಗಮನಿಸಿದ್ದೇನೆ. ‘ಆ ಒಂದು’ ಯಾರದ್ದು ಎಂಬುದರಲ್ಲಷ್ಟೇ ಭಿನ್ನಮತ.

ಒಂದೆರಡರ ಪ್ರಯೋಗ ನಡೆದೂ ಇದೆ. 2018ರ ಮಾರ್ಚಿನಲ್ಲಿ ವಿಮಾನ ನಿಲ್ದಾಣದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೆಲಿಕಾಪ್ಟರ್ ಟ್ಯಾಕ್ಸಿ ಶುರುವಾಯಿತು: ಕಾಲು ಗಂಟೆಯ ಹಾದಿ, ತೆರಿಗೆ ಸೇರಿ ನಾಲ್ಕು ಸಾವಿರ ರೂಪಾಯಿಯ ಆಸುಪಾಸು. ಆ ಹಾದಿಯ ಬಹುಪಾಲು ಜನ ಇನ್ನೂ ನೆಲದ ಮೇಲೆಯೇ ಇದ್ದಾರೆ. ಭಾರತದ ಮೊದಮೊದಲ ಮಹಿಳಾ ಪೈಲಟ್‌ಗಳಲ್ಲಿ ಒಬ್ಬರಾದ ಸರಳಾ ಠಕ್ರಾಲ್ ಅವರ ಹೆಸರು ಹೊತ್ತ ಬೆಂಗಳೂರಿನದೇ ಸರಳಾ ಏವಿಯೇಷನ್, 2025ರ ಜನವರಿಯಲ್ಲಿ ದೆಹಲಿಯ ಪ್ರದರ್ಶನದಲ್ಲಿ ‘ಶೂನ್ಯ’ ಎಂಬ ವಿದ್ಯುತ್ ಹಾರುಟ್ಯಾಕ್ಸಿಯ ಮಾದರಿ ಇಟ್ಟು, 2028ಕ್ಕೆ ಸೇವೆ ಎಂದಿದೆ. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಜನರನ್ನು ಹಾರಿಸುತ್ತೇವೆಂದಿದ್ದ ಜರ್ಮನಿಯ ವೋಲೊಕಾಪ್ಟರ್ ಹಾಗೂ ಅದೇ ದೇಶದ ಲಿಲಿಯಂ ಎರಡೂ 2024ರ ಕೊನೆಯಲ್ಲಿ ದಿವಾಳಿ ಅರ್ಜಿ ಹಾಕಿದವು. ಏರುವ ವಿದ್ಯೆ ಇನ್ನೂ ಪಳಗಬೇಕಿದೆ. ಇಳಿಯುವ ವಿದ್ಯೆಯಲ್ಲಿ ಯುರೋಪು ಬಹಳ ಮುಂದಿದೆ.

ಬಡವರಿಗೇನು ಎಂಬ ಪ್ರಶ್ನೆಗೆ ಹಾರುವ ಆಟೊ ಉತ್ತರ. 2025ರ ಆಗಸ್ಟಿನಿಂದ ನೆಲದ ಆಟೊಗೆ ಮೊದಲ ಎರಡು ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18 ಎಂದು ದರವಿದೆ. ಎತ್ತರಕ್ಕೆ ದರ ನಿಗದಿಯಾಗಿಲ್ಲ. ಈ ಬಗ್ಗೆ ಒಬ್ಬ ಚಾಲಕರ ಅಭಿಪ್ರಾಯ ಸಂಗ್ರಹಿಸಿದೆ.

‘ಮೇಲಕ್ಕಾದ್ರೆ ಮೀಟ್ರು ಮೇಲೆ ಒಂದೂವರೆ ಆಗತ್ತೆ ಸಾರ್.’

‘ಯಾಕಪ್ಪಾ?’

‘ಕೆಳಗಡೆ ಖಾಲಿ ಬರ್ಬೇಕಲ್ಲ ಸಾರ್.’

ಪರವಾನಗಿಯ ವಿಷಯದಲ್ಲೊಂದು ಶಾಸನಾತ್ಮಕ ಸೊಗಸಿದೆ. ನಮ್ಮ ದೇಶದಲ್ಲಿ ಖಾಸಗಿ ಪೈಲಟ್ ಲೈಸೆನ್ಸಿಗೆ ಕನಿಷ್ಠ 17 ವರ್ಷ ಆಗಿರಬೇಕು, 40 ಗಂಟೆ ಹಾರಿರಬೇಕು. ಕಾರಿನ ಲೈಸೆನ್ಸಿಗೆ 18 ತುಂಬಬೇಕು. ಹದಿನೇಳರ ಹುಡುಗನೊಬ್ಬ ಹಾರುವ ಕಾರನ್ನು ಕಾನೂನುಬದ್ಧವಾಗಿ ಆಕಾಶದಲ್ಲಿ ನಡೆಸಬಹುದು, ರಸ್ತೆಗೆ ಇಳಿಸುವಂತಿಲ್ಲ. ಹುಟ್ಟುಹಬ್ಬದವರೆಗೂ ಅವನು ಮೇಲೆಯೇ ಇರಬೇಕಾಗುತ್ತದೆ. ತಾಯಂದಿರು ಊಟದ ಡಬ್ಬಿಯ ವ್ಯವಸ್ಥೆಯ ಬಗ್ಗೆ ಈಗಲೇ ಯೋಚಿಸುವುದೊಳ್ಳೆಯದು.

ಹದ್ದುಗಳ ವಿಷಯ ಗಂಭೀರವಾದದ್ದು. 2025ರ ಏರೋ ಇಂಡಿಯಾ ವೇಳೆ ಯಲಹಂಕ ವಾಯುನೆಲೆಯ ಸುತ್ತ 13 ಕಿ.ಮೀ. ಫಾಸಲೆಯಲ್ಲಿ ಮಾಂಸ ಮಾರುವುದನ್ನೂ ಹೋಟೆಲುಗಳಲ್ಲಿ ಬಡಿಸುವುದನ್ನೂ ಬಿಬಿಎಂಪಿ ಮೂರು ವಾರಕ್ಕೂ ಹೆಚ್ಚು ಕಾಲ ನಿಷೇಧಿಸಿತ್ತು. ಮಾಂಸದ ತ್ಯಾಜ್ಯಕ್ಕೆ ಹದ್ದು ಬರುತ್ತದೆ, ಹದ್ದು ವಿಮಾನಕ್ಕೆ ಬಡಿಯುತ್ತದೆ ಎಂಬ ಕಾರಣಕ್ಕೆ. ಆ ವೃತ್ತದ ವಿಸ್ತೀರ್ಣ ಸುಮಾರು 530 ಚದರ ಕಿ.ಮೀ. ಎರಡು ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನಕ್ಕೇ ಇಷ್ಟಾದರೆ, ಪ್ರತಿ ತಾರಸಿಯೂ ವಾಯುನೆಲೆಯಾದ ದಿನ ಎಷ್ಟು? ಪ್ರತಿ ತಾರಸಿಯ ಸುತ್ತ 13 ಕಿ.ಮೀ. ವೃತ್ತ ಎಳೆಯುತ್ತ ಹೋಗಿ ನೋಡಿದೆ. ರಾಮನಗರ ದಾಟುವವರೆಗೆ ದೊನ್ನೆ ಬಿರಿಯಾನಿ ಸಿಗುವುದಿಲ್ಲ. ಬಿರಿಯಾನಿಗೆಂದು ಜನ ರಾಮನಗರದ ಆಚೆಗೆ ಹಾರಿ ಹೋಗಿ ಬರುವುದರಿಂದ ಹಾರುವ ಕಾರಿಗೆ ಹೊಸ ಬೇಡಿಕೆ ಹುಟ್ಟುತ್ತದೆ. ಅರ್ಥಶಾಸ್ತ್ರದಲ್ಲಿ ಇದನ್ನು ಸುಸ್ಥಿರ ಬೆಳವಣಿಗೆ ಎನ್ನುತ್ತಾರೆಂದು ನನ್ನ ತಿಳಿವಳಿಕೆ.

ಮಳೆ, ಗುಡುಗು ಬಂದರೆ ಹಾರುವಂತಿಲ್ಲ, ರಸ್ತೆಗಿಳಿಯಬೇಕು. ರಸ್ತೆ ಅಷ್ಟರಲ್ಲಿ ಕೆರೆಯಾಗಿರುತ್ತದೆ, ಅಥವಾ ಮೊದಲಿನಂತೆ ಮತ್ತೆ ಕೆರೆಯಾಗಿರುತ್ತದೆ. 2022ರ ಸೆಪ್ಟೆಂಬರಿನ ಪ್ರವಾಹದಲ್ಲಿ ಬೆಳ್ಳಂದೂರಿನ ಕಡೆ ಸಾಫ್ಟ್‌ವೇರ್ ಎಂಜಿನಿಯರುಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದದ್ದನ್ನು ದೇಶವೇ ನೋಡಿತು. ಹಾರುವ ಕಾರಿನ ಮುಂಭಾಗದಲ್ಲಿ ಟ್ರ್ಯಾಕ್ಟರಿಗೆ ಕಟ್ಟಲು ಗಟ್ಟಿಯಾದ ಒಂದು ಕೊಕ್ಕೆ ಕಡ್ಡಾಯ ಮಾಡಬೇಕು.

ಇನ್ನುಳಿದದ್ದು ಆಯುಧಪೂಜೆ. ಬೇರೆ ದೇಶದ ತಜ್ಞರು ಯಾರೂ ಈ ಪ್ರಶ್ನೆಯನ್ನು ಎತ್ತಿಲ್ಲ. ಹೊಸ ವಾಹನ ಪೂಜೆಯಾಗಿ ಹೊರಡುವಾಗ ಚಕ್ರದಡಿ ನಿಂಬೆಹಣ್ಣು ಇಟ್ಟು ಅದರ ಮೇಲೆ ಹತ್ತಿಸಬೇಕು. ನಿಂತಲ್ಲಿಂದ ನೇರ ಮೇಲೇಳುವ ಕಾರಿನ ಚಕ್ರ ನಿಂಬೆಹಣ್ಣನ್ನು ಮುಟ್ಟುವುದೇ ಇಲ್ಲ; 150 ಕಿ.ಮೀ. ಗಾಳಿಗೆ ಹಣ್ಣು ಹಾರಿ ಯಾರ ಮನೆಯ ಕಿಟಕಿಗೆ ಹೋಗುತ್ತದೋ ಹೇಳಲಾಗದು. ಕಸ್ತೂರಬಾ ರಸ್ತೆಯ ಟ್ರಾಫಿಕ್ ಗಣೇಶನ ಮುಂದೆ ಹೊಸ ವಾಹನಗಳು ಸಾಲುಗಟ್ಟುವುದನ್ನು ಕಂಡವರಿಗೆ ಇದು ಎಂಥ ಅಡಚಣೆ ಎಂದು ಗೊತ್ತಾಗುತ್ತದೆ. ನಮ್ಮ ಬಡಾವಣೆಯ ಅರ್ಚಕರ ಬಳಿ ಹೋಗಿ ಸಮಸ್ಯೆಯನ್ನು ಮುಂದಿಟ್ಟೆ.

‘ಮುಂದಕ್ಕೆ ಹೋಗೋದೇ ಇಲ್ಲ ಅಂತೀರಾ?’ ಎಂದರು.

‘ಇಲ್ಲ ಸ್ವಾಮಿ. ನೇರ ಮೇಲಕ್ಕೆ.’

ಮಂಗಳಾರತಿ ತಟ್ಟೆ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದರು. ‘ಹಾಗಾದ್ರೆ ಏಳೋ ಕಡೆ ಇಡಬೇಡಿ, ಇಳಿಯೋ ಕಡೆ ಇಡಿ. ಅದರ ಮೇಲೇ ಇಳಿಸಿದ್ರೆ ಪೂಜೆನೂ ಆಯ್ತು, ಓಡಿಸೋಕೆ ಬರತ್ತೋ ಇಲ್ವೋ ಅಂತಾನೂ ಗೊತ್ತಾಯ್ತು.’

ಆರ್‌ಟಿಒ ಮೈದಾನದಲ್ಲಿ ಎಂಟು ಹಾಕಿಸುವ ಹಳೆಯ ಪರೀಕ್ಷೆಯ ಬದಲು ಇದನ್ನೇ ಜಾರಿಗೆ ತರಬೇಕೆಂದು ಸಾರಿಗೆ ಇಲಾಖೆಗೆ ಬರೆದಿದ್ದೇನೆ. ನಾಲ್ಕು ಚಕ್ರ, ನಾಲ್ಕು ನಿಂಬೆಹಣ್ಣು. ಮೂರು ಒಡೆದರೆ ಪಾಸು.